ಶುಶ್ರೂಷೆಯ ಅರ್ಥ

ಸಂಸ್ಕೃತದಿಂದ ಕನ್ನಡಕ್ಕೆ ಬಂದು ಮನೆಮಾತೇ ಆಗಿಹೋಗಿರುವ ಶಬ್ದಗಳಲ್ಲಿ 'ಶುಶ್ರೂಷೆ' ಎಂಬುದೊಂದು. ರೋಗಿಯ ಆರೈಕೆಯನ್ನು ನಾವು ಈ ಶಬ್ದದಿಂದ ಕರೆಯುತ್ತೇವೆ. ಆದರೆ ವ್ಯಾಕರಣದೃಷ್ಟಿಯಿಂದ ನೋಡಿದರೆ ಇದರ ಮೂಲಾರ್ಥವು ಬೇರೆಯೇ ಆಗಿರುವುದು. ಕೇಳು ಎಂಬ ಅರ್ಥವುಳ್ಳ 'ಶ್ರು' ಧಾತುವಿಗೆ ಇಚ್ಛೆಯನ್ನು ಸೂಚಿಸುವ 'ಸನ್' ಪ್ರತ್ಯಯವು ಸೇರಿ ಈ ರೂಪವು ಸಿದ್ಧಿಸಿದೆ. ಆದುದರಿಂದ ಶುಶ್ರೂಷೆಯೆಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ನುಡಿಯನ್ನು ಕೇಳಬಯಸಿದ ಶಿಷ್ಯನು ಅವನ ಬಳಿಯಲ್ಲಿದ್ದು ಸೇವೆ ಮಾಡುತ್ತಿದ್ದನು. ಅದರಿಂದ ಈ ಶಬ್ದಕ್ಕೆ ಸೇವೆಯೆಂಬ ಅರ್ಥವು ಬಂದಿತು. ಕಾಲಕ್ರಮದಲ್ಲಿ ರೋಗಿಯ ಆರೈಕೆಯೆಂಬ ಅರ್ಥವೂ ಬಂದಿತು. ಅರ್ಥವು ಹೀಗೆ ಬೆಳೆದುಬಂದಾಗ ಮೊದಲಿನ 'ಕೇಳುವಿಕೆ'ಯು ಎಲ್ಲಿಯೋ ಜಾರಿಹೋಯಿತೇ ಎಂಬ ಸಂಶಯವು ನನ್ನನ್ನು ಬಹುದಿನಗಳಿಂದ ಕಾಡುತ್ತಿದೆ.

ಆರೈಕೆಯು ಚೆನ್ನಾಗಿದೆಯೆಂದು ಹೇಳುವುದು ಯಾವ ಪ್ರಮಾಣದಿಂದ? ಅದಕ್ಕೆ ಸಾಕ್ಷಿ ಯಾರು? ಈ ಪ್ರಶ್ನೆಯನ್ನು ಗಾಳಿಯಲ್ಲಿ ನಿಲ್ಲಿಸಿ ವಿಚಾರ ಮಾಡುವುದಕ್ಕಿಂತ ಒಂದು ನಿಜವಾದ ಸ್ಥಳದಲ್ಲಿಟ್ಟು ನೋಡುವುದು ಲೇಸು. ಅಮೇರಿಕಾ ದೇಶದಲ್ಲಿ ನಿವೃತ್ತ ಯೋಧರ ಸಲುವಾಗಿ ನಡೆಯುತ್ತಿರುವ ಡಯಾಲಿಸಿಸ್ ಕೇಂದ್ರಗಳ ಸಂಗತಿಯು ಇದಕ್ಕೆ ಒಳ್ಳೆಯ ನಿದರ್ಶನವಾಗಿರುವುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಈ ಚಿಕಿತ್ಸೆಯ ಸ್ವರೂಪವನ್ನು ತಿಳಿಯಬೇಕು. ಆರೋಗ್ಯವಂತನ ಮೂತ್ರಪಿಂಡಗಳು ಹಗಲಿರುಳೆನ್ನದೆ ದಿನಕ್ಕೆ ಸುಮಾರು ೧೮೦ ಲೀಟರಿನಷ್ಟು ದ್ರವವನ್ನು ಸೋಸಿ, ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಹೊರಹಾಕುತ್ತವೆ. ಅವು ಸೋತುಹೋದಾಗ ರಕ್ತದಲ್ಲಿ ವಿಷವೂ ನೀರೂ ತುಂಬಿಕೊಳ್ಳುವುವು. ಆಗ ರೋಗಿಯ ತೋಳಿಗೆ ಎರಡು ಸೂಜಿಗಳನ್ನು ಚುಚ್ಚಿ, ಒಂದರಿಂದ ರಕ್ತವನ್ನು ಯಂತ್ರಕ್ಕೆ ತಂದು, ಶೋಧಿಸಿ, ಇನ್ನೊಂದರಿಂದ ದೇಹಕ್ಕೆ ಮರಳಿಸುವರು. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆಗಳ ಕಾಲ ಇದು ನಡೆಯುವುದು. ಒಂದು ಸಲದ ಶೋಧನೆಗೆ ಸುಮಾರು ೧೨೦ ಲೀಟರು ಪರಿಶುದ್ಧವಾದ ನೀರು ಬೇಕಾಗುವುದು. ಬೇರೆ ಮೂತ್ರಪಿಂಡವನ್ನು ಕಸಿಮಾಡಿದರೆ ಹೊರತು ಈ ನಿಯಮವು ಬದುಕಿರುವವರೆಗೂ ತಪ್ಪದು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಜ್ವರದವನು ಔಷಧವನ್ನು ಕುಡಿದು ಮನೆಗೆ ಹೋಗುವನು. ಮುರಿದ ಮೂಳೆಯು ಕೂಡಿಕೊಂಡರೆ ವೈದ್ಯನ ಋಣವು ತೀರುವುದು. ಡಯಾಲಿಸಿಸ್ ರೋಗಿಗೆ ಹಾಗಲ್ಲ. ಇಂದು ಸೂಜಿ ಚುಚ್ಚಿದ ಕೈಗೇ ನಾಡಿದ್ದು ಮತ್ತೆ ತನ್ನ ತೋಳನ್ನು ಒಡ್ಡಬೇಕು. ತನ್ನ ರಕ್ತವು ದೇಹದ ಹೊರಗೆ ನಳಿಕೆಯಲ್ಲಿ ಹರಿಯುತ್ತಿರುವಾಗ ಎದ್ದು ಹೋಗುವಂತಿಲ್ಲ, ಹೆಚ್ಚು ಹೊರಳುವಂತಿಲ್ಲ. ಇಷ್ಟೊಂದು ಪರಾಧೀನತೆಯು ಬೇರೆ ರೋಗಗಳಲ್ಲಿ ಅಪರೂಪ. ಆದುದರಿಂದಲೇ ಶುಶ್ರೂಷೆಯ ಗುಣವನ್ನು ಪರೀಕ್ಷಿಸಲು ಇದಕ್ಕಿಂತ ಕಠಿಣವಾದ ಒರೆಗಲ್ಲು ದೊರೆಯಲಾರದು.

ಯೋಧರಿಗೂ ಈ ಚಿಕಿತ್ಸೆಗೂ ಇರುವ ಸಂಬಂಧವು ಹಳೆಯದು. ಕೃತಕ ಮೂತ್ರಪಿಂಡವನ್ನು ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯನು ೧೯೪೩ರಲ್ಲಿ, ಯುದ್ಧದ ನಡುವೆಯೇ, ಬಳಕೆಗೆ ತಂದನು. ೧೯೫೨ರಲ್ಲಿ ಕೊರಿಯಾ ಯುದ್ಧಕಾಲದಲ್ಲಿ ವೊಂಜು ಎಂಬಲ್ಲಿನ ಅಮೇರಿಕಾ ಸೈನ್ಯದ ಆಸ್ಪತ್ರೆಯಲ್ಲಿ ಅಂಥ ಯಂತ್ರವನ್ನು ಸ್ಥಾಪಿಸಿ, ಗಾಯಗೊಂಡು ಮೂತ್ರ ನಿಂತುಹೋದ ಅನೇಕ ಸೈನಿಕರನ್ನು ಉಳಿಸಿಕೊಂಡರು. ಮುಂದೆ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿರುವ ನಿವೃತ್ತ ಯೋಧರ ಆಸ್ಪತ್ರೆಯಲ್ಲಿ ಜೇಮ್ಸ್ ಸಿಮಿನೋ, ಮೈಕೆಲ್ ಬ್ರೆಷಿಯಾ ಎಂಬ ವೈದ್ಯರೂ ಕೆನೆತ್ ಅಪ್ಪೆಲ್ ಎಂಬ ಶಸ್ತ್ರವೈದ್ಯನೂ ಸೇರಿ ಮಣಿಕಟ್ಟಿನ ಬಳಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವ ಉಪಾಯವನ್ನು ಕಂಡುಹಿಡಿದರು. ೧೯೬೫ರಲ್ಲಿ ಆರಂಭವಾದ ಆ ಶಸ್ತ್ರಕ್ರಿಯೆಯು ೧೯೬೬ರಲ್ಲಿ ಪ್ರಕಟವಾಯಿತು. ಹಾಗೆ ಜೋಡಿಸಿದ ರಕ್ತನಾಳವು ದಪ್ಪವಾಗಿ, ಪದೇ ಪದೇ ಸೂಜಿ ಚುಚ್ಚುವುದಕ್ಕೆ ಯೋಗ್ಯವಾಗುವುದು. ಇದನ್ನೇ ಫಿಸ್ಟುಲಾ ಎನ್ನುವರು. ಸಿಮಿನೋ ವಿದ್ಯಾರ್ಥಿದೆಸೆಯಲ್ಲಿ ರಕ್ತ ತೆಗೆಯುವ ಸಾಮಾನ್ಯ ಕೆಲಸವನ್ನು ಮಾಡಿದ್ದನು. ಅಂದು ಜನರ ತೋಳುಗಳ ನರಗಳನ್ನು ನೋಡಿ ನೋಡಿ ಪಡೆದ ಅರಿವು ಮುಂದೆ ಈ ಉಪಾಯಕ್ಕೆ ನೆರವಾಯಿತು. ಕಾಯಕದಲ್ಲಿ ಕೀಳೆಂಬುದಿಲ್ಲವೆಂಬ ಶರಣರ ನಿಲುವಿಗೆ ಇದಕ್ಕಿಂತ ಉದಾಹರಣೆ ಬೇಕೆ? ಇಂದು ನಮ್ಮ ಕನ್ನಡನಾಡಿನ ಡಯಾಲಿಸಿಸ್ ರೋಗಿಗಳ ತೋಳುಗಳಲ್ಲಿಯೂ ಮಿಡಿಯುತ್ತಿರುವುದು ಆ ಯೋಧರ ಆಸ್ಪತ್ರೆಯ ಉಪಾಯವೇ.

ಇನ್ನು ಈ ಆರೈಕೆಯು ದಾನವೋ ಋಣವೋ ಎಂಬುದನ್ನು ವಿಚಾರಿಸಬೇಕು. ವಿಯಟ್ನಾಂ ಯುದ್ಧದಲ್ಲಿ ಕಾಡುಗಳ ಎಲೆಗಳನ್ನು ಉದುರಿಸುವುದಕ್ಕಾಗಿ ಅಮೇರಿಕಾ ಸೈನ್ಯವು 'ಏಜೆಂಟ್ ಆರೆಂಜ್' ಎಂಬ ವಿಷದ್ರವವನ್ನು ಸಿಂಪಡಿಸಿತು. ಆ ವಿಷಕ್ಕೆ ಒಳಗಾದ ಯೋಧರಿಗೆ ಬರುವ ಎರಡನೆಯ ಬಗೆಯ ಸಿಹಿಮೂತ್ರರೋಗವನ್ನು ಸೇವೆಯಿಂದಲೇ ಬಂದ ರೋಗವೆಂದು ೨೦೦೧ರಲ್ಲಿ ಅಲ್ಲಿಯ ಸರ್ಕಾರವು ಒಪ್ಪಿತು. ೨೦೨೨ರ ಕಾಯಿದೆಯಿಂದ ರಕ್ತದೊತ್ತಡವನ್ನೂ ಆ ಪಟ್ಟಿಗೆ ಸೇರಿಸಿತು. ಮೂತ್ರಪಿಂಡಗಳನ್ನು ಕೆಡಿಸುವ ಕಾರಣಗಳಲ್ಲಿ ಈ ಎರಡೇ ಮುಖ್ಯವಾದವು. ಹೀಗಿರುವಾಗ ಇಪ್ಪತ್ತು ವರ್ಷದ ಹುಡುಗನಾಗಿ ಯುದ್ಧಕ್ಕೆ ಹೋಗಿ, ಎಪ್ಪತ್ತರ ವಯಸ್ಸಿನಲ್ಲಿ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತಿರುವ ಯೋಧನಿಗೆ ಮಾಡುವ ಚಿಕಿತ್ಸೆಯನ್ನು ದಾನವೆನ್ನಲಾದೀತೆ? ಅದು ದೇಶವು ತೀರಿಸಬೇಕಾದ ಸಾಲ. ಯುದ್ಧದ ಭಾರವನ್ನು ಹೊತ್ತವನನ್ನೂ ಅವನ ಕುಟುಂಬವನ್ನೂ ಸಲಹುವುದು ರಾಷ್ಟ್ರದ ಹೊಣೆಯೆಂದು ಅಬ್ರಹಾಂ ಲಿಂಕನ್ ೧೮೬೫ರಲ್ಲಿಯೇ ಸಾರಿದ್ದನು.

ನಮ್ಮ ಶರಣರು ದಾನಕ್ಕಿಂತ ದಾಸೋಹವನ್ನು ಹಿರಿದೆಂದುದಕ್ಕೆ ಕಾರಣವು ಇಲ್ಲಿಯೇ ಇದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಜಂಗಮಕ್ಕೆ ಸಲ್ಲಬೇಕಾದುದನ್ನು ಜಂಗಮಕ್ಕೆ ಸಲ್ಲಿಸಿ, ಸಲ್ಲಿಸುವ ಭಾಗ್ಯವು ದೊರೆತುದಕ್ಕೆ ಅವನು ಧನ್ಯನಾಗುವನು. ಕೊಡುವವನಿಗೆ 'ನಾನು ಕೊಟ್ಟೆ'ನೆಂಬ ಭಾವವಿದ್ದಲ್ಲಿ, ಕೊಳ್ಳುವವನು ಕೊಟ್ಟಷ್ಟಕ್ಕೆ ಸುಮ್ಮನಿರಬೇಕೆಂಬ ನಿರೀಕ್ಷೆಯೂ ಹಿಂದೆಯೇ ಬರುವುದು. ಆ ಮೌನದ ವಿಷಯವನ್ನು ಮುಂದೆ ಹೇಳುವೆನು.

ಅಮೇರಿಕಾದ ಯೋಧರಲ್ಲಿ ಬಹುಮಂದಿ ಸರ್ಕಾರದ ವೆಚ್ಚದಲ್ಲಿ ಖಾಸಗಿ ಕೇಂದ್ರಗಳಿಗೆ ಹೋಗಿ ಡಯಾಲಿಸಿಸ್ ಪಡೆಯುವರು. ವೆಚ್ಚವನ್ನು ತಗ್ಗಿಸಿ ಆರೈಕೆಯನ್ನು ಉತ್ತಮಗೊಳಿಸುವ ಉದ್ದೇಶದಿಂದ, ನಿವೃತ್ತ ಯೋಧರ ಇಲಾಖೆಯು ದೊಡ್ಡ ಆಸ್ಪತ್ರೆಗಳಿಂದ ಪ್ರತ್ಯೇಕವಾದ ಸಣ್ಣ ಕೇಂದ್ರಗಳನ್ನು ತಾನೇ ನಡೆಸಿ ನೋಡಲು ಮುಂದಾಯಿತು. ಉತ್ತರ ಕೆರೊಲಿನಾದ ರಾಲಿ ಮತ್ತು ಫೇಯೆಟ್‌ವಿಲ್, ಫಿಲಡೆಲ್ಫಿಯಾ, ಕ್ಲೀವ್‌ಲ್ಯಾಂಡ್ ಎಂಬ ನಾಲ್ಕು ಕಡೆಗಳನ್ನು ಈ ಪ್ರಯೋಗಕ್ಕೆ ಆರಿಸಿಕೊಂಡಿತು. ೨೦೧೨ರಲ್ಲಿ ಆ ದೇಶದ ಲೆಕ್ಕಪರಿಶೋಧನ ಸಂಸ್ಥೆಯು ಈ ಪ್ರಯೋಗವನ್ನು ಪರೀಕ್ಷಿಸಿ, ಯೋಜನೆಯಲ್ಲಿಯೂ ಗುಣವನ್ನು ಅಳೆಯುವ ಕ್ರಮದಲ್ಲಿಯೂ ಕೊರತೆಗಳಿವೆಯೆಂದು ಎತ್ತಿತೋರಿಸಿತು. ಕೇಂದ್ರವನ್ನು ತೆರೆಯುವಾಗ ಇದ್ದ ಉತ್ಸಾಹವು 'ಇದು ಒಳ್ಳೆಯದಾಯಿತೆಂದು ತಿಳಿಯುವುದು ಹೇಗೆ' ಎಂಬ ಪ್ರಶ್ನೆಯಲ್ಲಿ ಇರಲಿಲ್ಲವೆಂದು ಇದರ ತಾತ್ಪರ್ಯ. ನಮ್ಮ ಪ್ರಶ್ನೆಯೂ ಅದೇ.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: 'ಗುಣವನ್ನು ಅಳೆಯುವುದಕ್ಕೆ ಅಂಕೆಗಳಿವೆಯಲ್ಲ! ಒಂದು ಸಲದ ಶೋಧನೆಯಿಂದ ರಕ್ತದ ಯೂರಿಯಾ ನೂರಕ್ಕೆ ಅರವತ್ತೈದು ಪಾಲಾದರೂ ತಗ್ಗಬೇಕೆಂದು ವೈದ್ಯಶಾಸ್ತ್ರವು ವಿಧಿಸಿದೆ. ಸೋಂಕು ಎಷ್ಟು ಮಂದಿಗೆ ತಗಲಿತು, ಫಿಸ್ಟುಲಾ ಎಷ್ಟು ಮಂದಿಗಿದೆ ಎಂಬುದನ್ನು ಎಣಿಸಬಹುದು. ಅಂಕೆಗಳು ಸರಿಯಾಗಿದ್ದರೆ ಆರೈಕೆಯು ಸರಿಯಾಗಿದೆ. ಉಳಿದುದು ಭಾವುಕತೆ.'

ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಅಳತೆಯನ್ನು ಶರಣರು ಎಂದೂ ಕಡೆಗಣಿಸಿದವರಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಸತಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆಯನ್ನು ವಾಚಕರು ಬಲ್ಲರು. ಅಳತೆಯು ತಪ್ಪಿದರೆ ಭಕ್ತಿಯೂ ತಪ್ಪುವುದೆಂಬುದು ಆ ತಾಯಿಯ ನಿಲುವು. ಡಯಾಲಿಸಿಸ್ ಕೇಂದ್ರದಲ್ಲಿ ಇದು ಜೀವನ್ಮರಣದ ಮಾತು. ನಗರದ ನಲ್ಲಿಯ ನೀರಿಗೆ ಕ್ರಿಮಿನಾಶಕ್ಕಾಗಿ ಬೆರೆಸುವ ಕ್ಲೋರಮಿನ್ ಎಂಬ ಪದಾರ್ಥವನ್ನು ನಾವು ಕುಡಿದರೆ ಬಾಧೆಯಿಲ್ಲ. ಅದು ಶೋಧನೆಯ ನೀರಿನಲ್ಲಿ ಉಳಿದು ರಕ್ತವನ್ನು ಸೇರಿದರೆ ಕೆಂಪು ರಕ್ತಕಣಗಳು ಒಡೆದುಹೋಗುವುವು. ಅದಕ್ಕಾಗಿ ನೀರನ್ನು ಇದ್ದಲಿನ ತೊಟ್ಟಿಗಳ ಮೂಲಕ ಹಾಯಿಸಿ, ಪ್ರತಿಯೊಂದು ಸರದಿಯ ರೋಗಿಗಳನ್ನು ಯಂತ್ರಕ್ಕೆ ಜೋಡಿಸುವ ಮೊದಲು ಪರೀಕ್ಷಿಸಬೇಕು. ಬೆಳಗಿನ ಜಾವದಲ್ಲಿ ಒಬ್ಬನೇ ನಿಂತು ಆ ನೀರನ್ನು ಪರೀಕ್ಷಿಸುವ ಕೆಲಸಗಾರನು ಪರೀಕ್ಷೆ ಮಾಡದೆಯೇ ಪುಸ್ತಕದಲ್ಲಿ 'ಸರಿಯಾಗಿದೆ'ಯೆಂದು ಬರೆದರೆ, ಅಂದು ಅದನ್ನು ಕಾಣುವವರು ಯಾರು? ಒಳ್ಳೆಯ ಮನಸ್ಸಿನಿಂದ ಕ್ಲೋರಮಿನ್ ಕರಗುವುದಿಲ್ಲ. ದಾದಿಯ ಮುಗುಳುನಗೆಯಿಂದ ತೊಳೆಯದ ಕೈ ಶುದ್ಧವಾಗುವುದಿಲ್ಲ. ಆದುದರಿಂದ 'ಪ್ರೀತಿಯೊಂದಿದ್ದರೆ ಸಾಕು, ಲೆಕ್ಕವೇಕೆ' ಎನ್ನುವ ಎರಡನೆಯ ಪೂರ್ವಪಕ್ಷವು ಮೊದಲನೆಯದಕ್ಕಿಂತಲೂ ಅಪಾಯಕರವಾದುದು.

ಅಳತೆಯು ಬೇಕು. ಆದರೆ ಅದರಿಂದಲೇ ಪೂರ್ತಿಯಾಯಿತೆ? ಇಲ್ಲಿಯೇ ಸಣ್ಣ ಕೇಂದ್ರದ ವಿಶೇಷವು ಮುಂದೆ ಬರುವುದು.

ಸಣ್ಣ ಕೇಂದ್ರದಲ್ಲಿ ಕುರ್ಚಿಗಳು ಕೆಲವೇ, ದಾದಿಯರೂ ಕೆಲವರೇ. ಯಾರ ನರವು ಎಲ್ಲಿ ವಾಲಿದೆ, ಯಾರಿಗೆ ಯಾವ ಗಂಟೆಯಲ್ಲಿ ಕಾಲಿನ ಸ್ನಾಯು ಸೆಳೆಯುವುದು, ಯಾರ ಹೆಂಡತಿಯು ಈಚೆಗೆ ತೀರಿಕೊಂಡಳು ಎಂಬುದು ಎಲ್ಲರಿಗೂ ತಿಳಿದಿರುವುದು. ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಕಳೆದುಕೊಂಡವನು ಇಲ್ಲಿ ಮನುಷ್ಯನಾಗುವನು. ಒಂದೇ ಬಗೆಯ ಸಮವಸ್ತ್ರವನ್ನು ಧರಿಸಿದ್ದವರು ಅಕ್ಕಪಕ್ಕದಲ್ಲಿ ಕುಳಿತು ನಾಲ್ಕು ಗಂಟೆ ಕಳೆಯುವಾಗ, ಬೇರೆಡೆಯಲ್ಲಿ ಯಾರಿಗೂ ಹೇಳಲಾಗದ ಮಾತುಗಳನ್ನು ಆಡಿಕೊಳ್ಳಬಹುದು. ಇದು ಸಣ್ಣದರ ಸೊಗಸು.

ಆದರೆ ಸಣ್ಣದರ ದೋಷವೂ ಅದೇ ಬೇರಿನಿಂದ ಹುಟ್ಟುವುದು. ಒಬ್ಬ ಯೋಧನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಅವನಿಗೆ ನಾಲ್ಕು ಗಂಟೆಗಳ ಶೋಧನೆಯು ವಿಧಿಸಲ್ಪಟ್ಟಿದೆ. ಸಂಜೆಯ ಸರದಿ, ಎಲ್ಲರೂ ಮನೆಗೆ ಹೋಗುವ ಆತುರದಲ್ಲಿರುವರು. ಹದಿನೈದು ನಿಮಿಷ ಮೊದಲೇ ಯಂತ್ರವನ್ನು ನಿಲ್ಲಿಸಿ, 'ಇಂದು ಇಷ್ಟು ಸಾಕಲ್ಲವೇ?' ಎಂದು ಕೇಳುವರು. ಅವನು 'ಆಗಲಿ' ಎನ್ನುವನು. ಇನ್ನೊಂದು ದಿನ ಹೊಸಬನೊಬ್ಬನು ಸೂಜಿಯನ್ನು ತಪ್ಪಾಗಿ ಚುಚ್ಚಿ, ತೋಳು ಬಾತು ಕಪ್ಪಾಗುವುದು. 'ನೋವಾಯಿತೆ?' ಎಂದರೆ 'ಏನೂ ಇಲ್ಲ' ಎನ್ನುವನು. ವರ್ಷದ ಕೊನೆಯಲ್ಲಿ ಅವನ ಮುಂದೆ ಪ್ರಶ್ನೆಗಳ ಹಾಳೆಯನ್ನಿಟ್ಟರೆ ಎಲ್ಲ ಕಡೆಗೂ 'ಉತ್ತಮ'ವೆಂದು ಗುರುತು ಹಾಕುವನು. ದೂರಿನ ಪುಸ್ತಕವು ಬರಿದಾಗಿರುವುದು. ಅಧಿಕಾರಿಗಳು ಅದನ್ನು ನೋಡಿ ಸಂತೋಷಪಡುವರು.

ಅವನೇಕೆ ಸುಮ್ಮನಿದ್ದನು? ಒಂದನೆಯದಾಗಿ, ನಾಡಿದ್ದು ಅದೇ ಕೈಗೆ ತೋಳನ್ನು ಒಡ್ಡಬೇಕಲ್ಲ! ತನ್ನ ಜೀವದ ನಳಿಕೆಯನ್ನು ಹಿಡಿದವನನ್ನು ಮುನಿಸಿಕೊಳ್ಳುವಂತೆ ಮಾಡುವ ಧೈರ್ಯವು ಎಷ್ಟು ಮಂದಿಗಿದೆ? ಎರಡನೆಯದಾಗಿ, ಸಣ್ಣ ಕೇಂದ್ರದಲ್ಲಿ ಹೆಸರಿಲ್ಲದೆ ದೂರಲು ಬರುವುದಿಲ್ಲ. ಹೇಳಿದವನು ಯಾರೆಂಬುದು ಮರುಗಳಿಗೆಯಲ್ಲಿಯೇ ತಿಳಿಯುವುದು. ಮೂರನೆಯದಾಗಿ, ಅವನು ಯೋಧನು. ನೋವನ್ನು ನುಂಗುವುದನ್ನೂ, ಮೇಲಿನವರ ಆಜ್ಞೆಗೆ ಎದುರಾಡದಿರುವುದನ್ನೂ ಯೌವನದಲ್ಲಿಯೇ ಕಲಿತವನು. ರಣರಂಗದಲ್ಲಿ ಗುಣವಾಗಿದ್ದ ಆ ಶಿಸ್ತು ರೋಗಶಯ್ಯೆಯಲ್ಲಿ ಅವನ ಬಾಯಿಗೆ ಬೀಗವಾಗುವುದು.

ಇಂಥವನ ಮೌನವನ್ನು ತೃಪ್ತಿಯೆಂದು ಎಣಿಸುವುದು ಘೋರವಾದ ತಪ್ಪು. ಅಂಜಿದವನ 'ಆಗಲಿ'ಯು ಒಪ್ಪಿಗೆಯೆನಿಸದು. ಅಂಕೆಗಳಲ್ಲಿ ಆ ಹದಿನೈದು ನಿಮಿಷಗಳು ಕೂಡಲೇ ಕಾಣಿಸದಿರಬಹುದು. ಆದರೆ ದಿನಕ್ಕೆ ಹದಿನೈದು ನಿಮಿಷವಾದರೆ ವಾರಕ್ಕೆ ಮುಕ್ಕಾಲು ಗಂಟೆ, ವರ್ಷಕ್ಕೆ ಮೂವತ್ತೊಂಬತ್ತು ಗಂಟೆ, ಎಂದರೆ ಹೆಚ್ಚುಕಡಿಮೆ ಹತ್ತು ಸಲದ ಚಿಕಿತ್ಸೆಯೇ ಕಳೆದುಹೋಯಿತು. ಜೀವದಿಂದ ಕದ್ದುಕೊಂಡ ಈ ಕಾಲಕ್ಕೆ ಲಕ್ಕಮ್ಮನು ಏನೆನ್ನುತ್ತಿದ್ದಳು? ಆಯ್ದ ಅಕ್ಕಿಯಲ್ಲಿ ಹೆಚ್ಚಾದುದನ್ನೇ ಸಹಿಸದ ಆಕೆಯು, ಜಂಗಮಕ್ಕೆ ಕೊಡುವ ಅಳತೆಯಲ್ಲಿ ಕಡಿಮೆಯಾದುದನ್ನು ಸಹಿಸುತ್ತಿದ್ದಳೇ?

ಈಗ ಶುಶ್ರೂಷೆಯ ಮೂಲಾರ್ಥಕ್ಕೆ ಮರಳೋಣ. ಕೇಳುವ ಇಚ್ಛೆಯೆಂದರೆ ಕಿವಿಗೆ ಬಿದ್ದುದನ್ನು ಕೇಳುವುದಷ್ಟೇ ಆಗಿದ್ದರೆ 'ಸನ್' ಪ್ರತ್ಯಯವು ಬೇಕಾಗಿರಲಿಲ್ಲ. ಹೇಳದಿರುವುದನ್ನು ಹೇಳುವಂತಾಗಲಿ ಎಂದು ಬಯಸುವುದೇ ಇಚ್ಛೆ. ಸೂಜಿಯನ್ನು ಕೈಗೆತ್ತಿಕೊಳ್ಳುವ ಮೊದಲು 'ಹಿಂದಿನ ಸಲ ಇಲ್ಲಿ ನೋವಾಯಿತಲ್ಲವೇ?' ಎಂದು ತಾನಾಗಿಯೇ ಕೇಳುವುದು. ತಪ್ಪಾದಾಗ ರೋಗಿಯು ಹೇಳುವ ಮುನ್ನ ತಾನೇ ಹೇಳಿ, ಪುಸ್ತಕದಲ್ಲಿ ಬರೆಯುವುದು. ದೂರಿದವನನ್ನು ಮೊದಲಿಗಿಂತ ಹೆಚ್ಚು ಆದರದಿಂದ ಕಂಡು, ದೂರಿದರೆ ಭಯವಿಲ್ಲವೆಂದು ಮಿಕ್ಕವರಿಗೆ ಮನಗಾಣಿಸುವುದು. ಇವು ಕೇಳುವ ಇಚ್ಛೆಯ ಲಕ್ಷಣಗಳು. ಬರಿದಾದ ದೂರಿನ ಪುಸ್ತಕವನ್ನು ಕಂಡು ಹಿಗ್ಗುವ ಬದಲು ಶಂಕಿಸುವ ಅಧಿಕಾರಿಯೇ ನಿಜವಾದ ಅಧಿಕಾರಿ.

ಸ್ಥಾವರ, ಜಂಗಮ ಎಂದು ಶರಣರು ಮಾಡಿದ ವಿವೇಚನೆಯನ್ನು ಇಲ್ಲಿ ನೆನೆಯಬಹುದು. ಗೋಡೆಯ ಮೇಲೆ ತೂಗುಹಾಕಿದ ಅಂಕೆಗಳ ಪಟ್ಟಿಯು ಸ್ಥಾವರ. ಕುರ್ಚಿಯಲ್ಲಿ ಕುಳಿತಿರುವ ಆ ಮುದುಕನು ಜಂಗಮ. ಪಟ್ಟಿಯನ್ನು ಇಡಬೇಕು, ನಿಷ್ಠೆಯಿಂದ ತುಂಬಬೇಕು. ಆದರೆ ಪಟ್ಟಿಗೆ ಪೂಜೆಯೂ ಜಂಗಮಕ್ಕೆ ಉಪವಾಸವೂ ಆದರೆ ಅದು ಶರಣರ ದಾರಿಯಲ್ಲ.

ಕೇಳಬೇಕಾದ ಮಾತುಗಳಲ್ಲೆಲ್ಲ ಕಠಿಣವಾದುದು ಇನ್ನೊಂದಿದೆ. ಕೆಲವು ವರ್ಷಗಳು ಕಳೆದ ಮೇಲೆ ಒಬ್ಬನು 'ಇನ್ನು ನನಗೆ ಈ ಚಿಕಿತ್ಸೆ ಬೇಡ' ಎನ್ನಬಹುದು. ಡಯಾಲಿಸಿಸನ್ನು ಪೂರ್ತಿಯಾಗಿ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಮರಣವು ಬರುವುದು. ಮರಣವನ್ನು ಹಬ್ಬವೆಂಬಂತೆ ಎದುರುಗೊಂಡ ಶರಣರ ಪರಂಪರೆಯಲ್ಲಿ ಬಂದ ನಾವು, ಬಾಳಿ ಪಕ್ವನಾದವನು ಶಾಂತಚಿತ್ತದಿಂದ ಆಡುವ ಆ ಮಾತನ್ನು ಪಾಪವೆನ್ನಲಾರೆವು. ಅದನ್ನು ಗೌರವದಿಂದ ಕೇಳಬೇಕು. ಆದರೆ ಕೇಳುವವನು ಒಂದು ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳಬೇಕು: ಇವನು ಬಾಳಿನಿಂದ ದಣಿದಿರುವನೋ, ಅಥವಾ ನಮ್ಮಿಂದ ದಣಿದಿರುವನೋ? ಅವಸರದ ಕೈಗಳಿಂದಲೂ, ಅಸಡ್ಡೆಯ ಮಾತುಗಳಿಂದಲೂ, ಪ್ರತಿಸಲದ ನೋವಿನಿಂದಲೂ ಬೇಸತ್ತು ಒಬ್ಬನು ಸಾವನ್ನು ಆರಿಸಿಕೊಂಡರೆ, ಅದನ್ನು ಅವನ ಸ್ವಾತಂತ್ರ್ಯವೆಂದು ಬರೆದುಕೊಂಡು ಕೈತೊಳೆದುಕೊಳ್ಳುವುದು ಅಧರ್ಮ. ಈ ಎರಡನ್ನು ಬೇರ್ಪಡಿಸುವ ಯಂತ್ರವು ಇನ್ನೂ ಹುಟ್ಟಿಲ್ಲ. ಬಹುಕಾಲ ಪಕ್ಕದಲ್ಲಿ ಕುಳಿತು ಕೇಳಿದವನಿಗೆ ಮಾತ್ರ ಅದು ತಿಳಿಯುವುದು. ಆರೈಕೆಯ ಗುಣವು ಇಲ್ಲಿ ಸೌಕರ್ಯದ ಮಾತಾಗಿ ಉಳಿಯದೆ ಪ್ರಾಣದ ಮಾತಾಗುವುದು.

ದಾದಿಯರ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಕೇಳುವುದಕ್ಕೆ ಕಾಲ ಬೇಕು. ಒಬ್ಬಳಿಗೆ ಅವಳ ಶಕ್ತಿಗೆ ಮೀರಿದಷ್ಟು ಯಂತ್ರಗಳನ್ನು ಒಪ್ಪಿಸಿ, ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಉಸಿರಾಡಲೂ ಬಿಡದೆ, 'ಪ್ರೀತಿಯಿಂದ ಮಾಡು' ಎಂದು ಉಪದೇಶಿಸುವುದು ಸುಲಭ. ಅವಳ ಮಾತನ್ನು ಸಂಸ್ಥೆಯು ಕೇಳದಿದ್ದರೆ ಅವಳು ರೋಗಿಯ ಮಾತನ್ನು ಎಲ್ಲಿಂದ ಕೇಳಿಯಾಳು? ಬೆಳಗಿನ ಜಾವದಲ್ಲಿ ನೀರನ್ನು ಪರೀಕ್ಷಿಸುವವನ ಕಾಯಕವೂ ಮೂತ್ರಪಿಂಡತಜ್ಞನ ಕಾಯಕವೂ ಸಮಾನವೆಂದು ಬಾಯಲ್ಲಿ ಹೇಳಿ, ಗೌರವದಲ್ಲಿ ಭೇದವೆಣಿಸಿದರೆ ಆ ಮನೆಯಲ್ಲಿ ಶುಶ್ರೂಷೆಯು ನೆಲೆಸಲಾರದು.

ಪ್ರಿಯ ವಾಚಕರೇ, ಈ ವಿಚಾರವು ಕಡಲಾಚೆಯದೆಂದು ಬಿಡಬೇಡಿರಿ. ನಮ್ಮ ದೇಶದಲ್ಲಿಯೂ ನಿವೃತ್ತ ಯೋಧರ ಚಿಕಿತ್ಸೆಗಾಗಿ ೨೦೦೩ರಿಂದ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯೊಂದು ನಡೆದುಬಂದಿದೆ. ನಮ್ಮ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಯಂತ್ರಗಳು ಬಂದಿವೆ. ಯಂತ್ರಗಳ ಸಂಖ್ಯೆಯನ್ನು ನಾವು ಕೇಳುತ್ತೇವೆ. ಆ ಕುರ್ಚಿಗಳಲ್ಲಿ ಕುಳಿತವರ ಮಾತನ್ನು ಕೇಳುವವರೆಷ್ಟು ಮಂದಿ?

ನನ್ನ ಮಾತನ್ನೇ ಹೇಳುವೆನು. ಪಾಠಶಾಲೆಯಲ್ಲಿ ಬಹುವರ್ಷಗಳಿಂದ ಪಾಠ ಹೇಳುತ್ತಿರುವೆನು. 'ಅರ್ಥವಾಯಿತೆ?' ಎಂದು ಕೇಳಿ, ಹುಡುಗರು ಸುಮ್ಮನಿದ್ದರೆ ಅರ್ಥವಾಯಿತೆಂದೇ ಮುಂದಿನ ಶ್ಲೋಕಕ್ಕೆ ಹೋಗಿರುವ ದಿನಗಳು ಎಷ್ಟೋ. ಆ ಮೌನವು ತಿಳಿವಳಿಕೆಯದೋ ಹೆದರಿಕೆಯದೋ ಎಂದು ನಿಂತು ನೋಡಿದ ದಿನಗಳು ಅದಕ್ಕಿಂತ ಕಡಿಮೆ. ನನ್ನ ತಪ್ಪಿನಿಂದ ಕೆಟ್ಟುಹೋಗುವುದು ಒಂದು ಶ್ಲೋಕದ ಅರ್ಥ. ಆ ಕೇಂದ್ರದಲ್ಲಿ ಕೆಟ್ಟುಹೋಗುವುದು ಒಂದು ಪ್ರಾಣ. ತಪ್ಪಿನ ಜಾತಿಯು ಮಾತ್ರ ಒಂದೇ.

ಹಿಂದೆ ಗುರುವಿನ ಬಳಿ ಶಿಷ್ಯನು ಕುಳಿತು ಕೇಳುತ್ತಿದ್ದನು, ಅದು ಶುಶ್ರೂಷೆಯೆನಿಸಿತು. ಆರೈಕೆಯ ಮನೆಯಲ್ಲಿ ಗುರುವಿನ ಆಸನವು ರೋಗಿಯದು. ಯಂತ್ರದ ಅಂಕೆಯನ್ನು ಓದಿದ ಮೇಲೆ ಅವನ ಮುಖವನ್ನೂ ಒಮ್ಮೆ ಓದಬೇಕು. ಅವನು ನಿರ್ಭಯನಾಗಿ 'ಇಲ್ಲಿ ನೋವಾಗುತ್ತಿದೆ' ಎಂದು ಹೇಳಬಲ್ಲನಾದರೆ ಆ ಕೇಂದ್ರದ ಆರೈಕೆಯು ಒಳ್ಳೆಯದೆಂದು ನಂಬಲಡ್ಡಿಯಿಲ್ಲ. ಅದಕ್ಕೆ ಅವನ ಆ ಮಾತೇ ಸಾಕ್ಷಿ.